ಟ್ರಯಲ್ ಫಾರ್ಮಸಿ ಅಂದರೆ ಬರೀ ಮಾತ್ರೆ ಎಣಿಸುವ ಕೆಲಸವಾ?

ಪ್ರಶ್ನೆ: ಒಂದು ದೊಡ್ಡ ಆಸ್ಪತ್ರೆಯ ಫಾರ್ಮಸಿಯಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮುಂದಿನ ತಿಂಗಳಿಂದ ಕ್ಲಿನಿಕಲ್ ಟ್ರಯಲ್ ಔಷಧಿಗಳನ್ನು ನೋಡಿಕೊಳ್ಳಲು ಹೇಳಿದ್ದಾರೆ. ಈಗ ಅಲ್ಲಿರುವವರನ್ನು ಕೇಳಿದರೆ, ಫ್ರಿಜ್ ನೋಡಿಕೊಳ್ಳುವುದು, ಮಾತ್ರೆ ಎಣಿಸುವುದು, ಬರೆದಿಡುವುದು, ಅಷ್ಟೇ ಅನ್ನುತ್ತಾರೆ. ಹೋದ ವಾರ ಮಾನಿಟರ್ (ಟ್ರಯಲ್ ನಡೆಸುವ ಕಂಪನಿಯ ಪರವಾಗಿ ದಾಖಲೆ ಪರಿಶೀಲಿಸುವವರು) ಬಂದಿದ್ದರು. ಒಬ್ಬ ರೋಗಿ ವಾಪಸ್ ತಂದ ಡಬ್ಬಿಯಲ್ಲಿ ಒಂದೇ ಒಂದು ಮಾತ್ರೆ ಕಮ್ಮಿ ಇತ್ತು ಅಂತ ಅರ್ಧ ದಿನ ಅದೇ ವಿಚಾರ. ನಾನು ಓದಿದ ಫಾರ್ಮಕಾಲಜಿಗೆ ಅಲ್ಲಿ ಏನಾದರೂ ಕೆಲಸ ಇದೆಯಾ? ಒಪ್ಪಿಕೊಳ್ಳಲಾ, ಬೇಡವಾ? ಒಪ್ಪಿಕೊಂಡರೆ ಮೊದಲು ಏನು ಕಲಿಯಬೇಕು?

ಉತ್ತರ: ಒಪ್ಪಿಕೊಳ್ಳಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಆ ಒಂದು ಮಾತ್ರೆಯಿಂದಲೇ ಶುರು ಮಾಡೋಣ. ನೀವು ಡಬ್ಬಿಯಲ್ಲಿ ಎಷ್ಟು ಮಾತ್ರೆ ಇದ್ದವು ಅಂತ ಬರೆದಿಲ್ಲ, ಹಾಗಾಗಿ ನಾನೇ ಒಂದು ಲೆಕ್ಕ ಇಟ್ಟುಕೊಳ್ಳುತ್ತೇನೆ. ಡಬ್ಬಿಯಲ್ಲಿ 60 ಮಾತ್ರೆ. ದಿನಕ್ಕೆ ಎರಡರಂತೆ 28 ದಿನ, ಅಂದರೆ 56. ನಾಲ್ಕು ವಾಪಸ್ ಬರಬೇಕು, ಮೂರೇ ಬಂತು. ನುಂಗಬೇಕಾದ 56ರ ಜಾಗದಲ್ಲಿ 57 ಹೋಗಿದೆ, ಶೇಕಡಾವಾರು ನೋಡಿದರೆ 102ರ ಹತ್ತಿರ ಆಗುತ್ತದೆ. ಎಷ್ಟೋ ಪ್ರೋಟೋಕಾಲ್‌ಗಳು, ಅಂದರೆ ಟ್ರಯಲ್ ಹೇಗೆ ನಡೆಸಬೇಕು ಅಂತ ಬರೆದಿಟ್ಟ ಯೋಜನೆಗಳು, 80ರಿಂದ 120ರವರೆಗೆ ಒಪ್ಪಿಕೊಳ್ಳುತ್ತವೆ. ಹಾಗಿದ್ದ ಮೇಲೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂತ ನಿಮಗೆ ಅನ್ನಿಸಿದ್ದು ಸಹಜ.

ಆದರೆ ಆ ಮಾತ್ರೆ ಎಲ್ಲಿಗೆ ಹೋಯಿತು ಅಂತ ಯೋಚಿಸಿ ನೋಡಿ. ಕೆಳಗೆ ಬಿದ್ದು ಕಳೆದುಹೋಗಿರಬಹುದು. ಒಂದು ದಿನ ಮರೆತು ಮೂರು ನುಂಗಿರಬಹುದು. ಮನೆಯಲ್ಲಿ ಬೇರೆ ಯಾರೋ ತಮ್ಮ ಮಾತ್ರೆ ಅಂದುಕೊಂಡು ತೆಗೆದುಕೊಂಡಿರಬಹುದು. ಕಂಪನಿಯಿಂದಲೇ 59 ಬಂದಿರಬಹುದು. ವಾಪಸ್ ಬಂದಾಗ ಎಣಿಸಿದವರು ತಪ್ಪಿರಬಹುದು. ಇದರಲ್ಲಿ ಒಂದೊಂದಕ್ಕೂ ಮುಂದಿನ ಕೆಲಸ ಬೇರೆ ಬೇರೆ. ಮನೆಯವರು ನುಂಗಿದ್ದರೆ ಅದು ಸುರಕ್ಷತೆಯ ವಿಷಯ, ಅವತ್ತೇ ಡಾಕ್ಟರಿಗೆ ಹೇಳಬೇಕು. ಡಬ್ಬಿಯಲ್ಲೇ ಕಮ್ಮಿ ಇದ್ದರೆ ಅದು ಔಷಧಿಯ ಗುಣಮಟ್ಟದ ದೂರು, ಆ ಬ್ಯಾಚಿನ ಉಳಿದ ಡಬ್ಬಿಗಳ ಮೇಲೂ ಅನುಮಾನ ಬರುತ್ತದೆ. ಎಣಿಸುವುದರಲ್ಲಿ ತಪ್ಪಾಗಿದ್ದರೆ ಇನ್ನೂ ದೊಡ್ಡ ಪ್ರಶ್ನೆ: ಉಳಿದ ರೋಗಿಗಳ ಲೆಕ್ಕ ಸರಿ ಇದೆ ಅಂತ ಹೇಗೆ ನಂಬುವುದು? ಮಾನಿಟರ್ ಅರ್ಧ ದಿನ ಕೂತದ್ದು ಈ ಕೊನೆಯ ಪ್ರಶ್ನೆಗೇ ಇರಬೇಕು.

ಈಗ ನಿಮ್ಮ ಫಾರ್ಮಕಾಲಜಿಯ ವಿಷಯಕ್ಕೆ ಬರುತ್ತೇನೆ, ಅಸಲಿ ಮಾತು ಅಲ್ಲೇ ಇದೆ. ವಾರ್ಡಿನ ಔಷಧಿ ಕೊಡುವಾಗ ನಿಮ್ಮನ್ನು ಕಾಪಾಡುವುದು ಯಾವುದು? ನಿಮ್ಮ ತಲೆಯಲ್ಲಿರುವ ಅಂಕಿಗಳು. ಮೆಥೊಟ್ರೆಕ್ಸೇಟ್ ಮಾತ್ರೆ ದಿನಾ ಅಂತ ಬರೆದು ಬಂದರೆ ಕೈ ತಾನಾಗಿ ನಿಲ್ಲುತ್ತದೆ, ಕೀಲು ನೋವಿನ ರೋಗಿಗೆ ಅದು ವಾರಕ್ಕೊಂದು ಸಲ ಅಂತ ಗೊತ್ತು. ಡಿಗಾಕ್ಸಿನ್ ಡೋಸಿನಲ್ಲಿ ಚುಕ್ಕಿ ಒಂದು ಮನೆ ಆಚೆ ಈಚೆ ಆದರೆ ಪುಸ್ತಕ ನೋಡದೆಯೇ ಹಿಡಿಯುತ್ತೀರಿ. ಟ್ರಯಲ್ ಔಷಧಿ ಬಂದಾಗ ಆ ಕಾವಲು ಇರುವುದಿಲ್ಲ. ಅದಕ್ಕೆ ಹೆಸರೇ ಇಲ್ಲದಿರಬಹುದು, ಎರಡು ಅಕ್ಷರ, ನಾಲ್ಕು ಅಂಕಿ, ಅಷ್ಟೇ. ಯಾವ ಪುಸ್ತಕದಲ್ಲೂ ಅದರ ಡೋಸ್ ಇಲ್ಲ. 50 ಮಿಲಿಗ್ರಾಂ ಜಾಸ್ತಿನಾ, 500 ಕಮ್ಮಿನಾ, ನಿಮ್ಮ ಮನಸ್ಸು ಏನೂ ಹೇಳುವುದಿಲ್ಲ. ನಿಮ್ಮ ಪಕ್ಕದಲ್ಲಿರುವ ಸೀನಿಯರ್‌ಗೂ ಗೊತ್ತಿಲ್ಲ, ಬರೆದುಕೊಟ್ಟ ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಪ್ರಯೋಗ ನಡೆಯುತ್ತಿರುವುದು, ಅಲ್ವಾ? ತಿಳಿವಳಿಕೆ ಇಲ್ಲದ ಆ ಜಾಗವನ್ನು ಶಿಸ್ತಿನಿಂದ ತುಂಬಬೇಕು. ಎಣಿಸುವುದು, ಬರೆಯುವುದು, ಇಬ್ಬರು ನೋಡುವುದು, ಇವೆಲ್ಲ ಬಂದದ್ದು ಆ ಕಾರಣಕ್ಕೆ.

ಇದು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಔಷಧಶಾಸ್ತ್ರ ಓದಿದವರೆಲ್ಲ ತಿಳಿದಿರಬೇಕಾದ ಒಂದು ಘಟನೆ ಇದೆ. 1994ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿರುವ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯಲ್ಲಿ ನಡೆದದ್ದು. ಬೆಟ್ಸಿ ಲೇಹ್ಮನ್ ಅಂತ, ಬೋಸ್ಟನ್ ಗ್ಲೋಬ್ ಪತ್ರಿಕೆಗೆ ಆರೋಗ್ಯದ ಅಂಕಣ ಬರೆಯುತ್ತಿದ್ದವರು, ವಯಸ್ಸು 39. ಸ್ತನ ಕ್ಯಾನ್ಸರ್‌ಗೆ ಜಾಸ್ತಿ ಡೋಸಿನ ಕೀಮೋಥೆರಪಿಯ ಒಂದು ಟ್ರಯಲ್‌ನಲ್ಲಿದ್ದರು. ಸೈಕ್ಲೋಫಾಸ್ಫಮೈಡ್ ನಾಲ್ಕು ದಿನಕ್ಕೆ ಒಟ್ಟು ಇಷ್ಟು ಅಂತ ಇದ್ದದ್ದನ್ನು ದಿನಕ್ಕೆ ಇಷ್ಟು ಅಂತ ಆರ್ಡರ್ ಬರೆದರು. ನಾಲ್ಕು ದಿನಕ್ಕೆ ಹಂಚಬೇಕಾದದ್ದು ದಿನಾ ಹೋಯಿತು, ನಾಲ್ಕು ದಿನವೂ. ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅದೇ ಟ್ರಯಲ್‌ನಲ್ಲಿ ಇನ್ನೊಬ್ಬ ಮಹಿಳೆಗೂ ಇದೇ ತಪ್ಪಾಗಿ ಹೃದಯಕ್ಕೆ ದೊಡ್ಡ ಹಾನಿಯಾಯಿತು.

ಆ ಆರ್ಡರ್ ಎಷ್ಟು ಜನರ ಕೈ ದಾಟಿ ಹೋಗಿರಬೇಕು ನೋಡಿ, ಬರೆದವರು, ತಯಾರು ಮಾಡಿದವರು, ಹಾಕಿದವರು. ಯಾರೂ ನಿಲ್ಲಿಸಲಿಲ್ಲ. ಟ್ರಯಲ್‌ನ ಡೋಸೇ ಮಾಮೂಲಿಗಿಂತ ಜಾಸ್ತಿ ಇತ್ತು. ಅಂಥ ಕಡೆ ದೊಡ್ಡ ಅಂಕಿ ಕಂಡರೆ ಕಣ್ಣು ಬೆಚ್ಚುವುದಿಲ್ಲ. ಕೊನೆಗೆ ತಪ್ಪು ಗೊತ್ತಾದದ್ದು 1995ರ ಫೆಬ್ರವರಿಯಲ್ಲಿ, ಟ್ರಯಲ್‌ನ ದಾಖಲೆಗಳನ್ನು ಕೂತು ಪರಿಶೀಲಿಸುವಾಗ. ನಿಮ್ಮ ಸಹೋದ್ಯೋಗಿಗಳು ಬರೆದಿಡುವುದು ಅಷ್ಟೇ ಅಂದರಲ್ಲ, ಆ ಬರೆದಿಟ್ಟದ್ದನ್ನು ಓದಿದ್ದರಿಂದ ಆ ತಪ್ಪು ಸಿಕ್ಕಿತು. ಎರಡು ತಿಂಗಳು ತಡವಾಗಿ ಸಿಕ್ಕಿತು. ಅದನ್ನು ಮೊದಲೇ ಹಿಡಿಯುವುದು ಈಗ ನಿಮ್ಮ ಕೆಲಸ.

ಹಾಗಾಗಿ ಟ್ರಯಲ್ ಫಾರ್ಮಸಿಸ್ಟ್‌ನ ಕೆಲಸದಲ್ಲಿ ದೊಡ್ಡ ಭಾಗ ಮೊದಲ ರೋಗಿ ಬರುವ ಮುಂಚೆಯೇ ಮುಗಿದಿರಬೇಕು. ಪ್ರೋಟೋಕಾಲ್ ಬರುತ್ತದೆ, ಜೊತೆಗೆ ಇನ್ವೆಸ್ಟಿಗೇಟರ್ಸ್ ಬ್ರೋಶರ್ (ಔಷಧಿಯ ಬಗ್ಗೆ ಇಲ್ಲಿಯವರೆಗೆ ಗೊತ್ತಿರುವುದನ್ನು ಇನ್ವೆಸ್ಟಿಗೇಟರ್‌ಗೆ, ಅಂದರೆ ಟ್ರಯಲ್ ನಡೆಸುವ ಡಾಕ್ಟರಿಗೆ, ತಿಳಿಸುವ ಪುಸ್ತಿಕೆ), ಫಾರ್ಮಸಿ ಮ್ಯಾನುಯಲ್ (ಔಷಧಿ ಇಡುವ, ಬೆರೆಸುವ ಕ್ರಮ). ಮ್ಯಾನುಯಲ್ ಮಾತ್ರ ಓದಿ ಮುಗಿಸುವವರಿದ್ದಾರೆ, ಹಾಗೆ ಮಾಡಬೇಡಿ. ಪ್ರೋಟೋಕಾಲ್, ಮ್ಯಾನುಯಲ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಪೆನ್ಸಿಲ್ ಹಿಡಿದು ಓದಿ. ಎರಡರ ನಡುವೆ ವ್ಯತ್ಯಾಸ ಇರುವುದು ಅಪರೂಪವೇನಲ್ಲ. ಡೋಸ್ ತೂಕದ ಮೇಲೆ ಅಂತ ಒಂದು ಕಡೆ ಇರುತ್ತದೆ. ಯಾವ ತೂಕ, ಟ್ರಯಲ್‌ಗೆ ಸೇರಿದ ದಿನದ್ದಾ, ಇವತ್ತಿನದಾ? ಶೇಕಡಾ 10 ಬದಲಾದರೆ ಮಾತ್ರ ಮತ್ತೆ ಲೆಕ್ಕ ಹಾಕಬೇಕಾ? ದೇಹದ ಮೇಲ್ಮೈ ವಿಸ್ತೀರ್ಣದ ಮೇಲಾದರೆ ಯಾವ ಸೂತ್ರ? 1916ರ ಡುಬಾಯ್ಸ್ ಸೂತ್ರ ಇದೆ, 1987ರ ಮೋಸ್ಟೆಲ್ಲರ್ ಸೂತ್ರ ಇದೆ, ಎರಡೂ ಒಂದೇ ಉತ್ತರ ಕೊಡುವುದಿಲ್ಲ. ಮೋಸ್ಟೆಲ್ಲರ್ ಸುಲಭ: ಎತ್ತರ ಸೆಂಟಿಮೀಟರ್‌ನಲ್ಲಿ, ತೂಕ ಕಿಲೋದಲ್ಲಿ, ಗುಣಿಸಿ 3600ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಆಯಿತು. 160 ಸೆಂಟಿಮೀಟರ್, 60 ಕಿಲೋ ಇದ್ದವರಿಗೆ 1.63 ಚದರ ಮೀಟರ್. ಇನ್ನು ಡೋಸನ್ನು ಹತ್ತಿರದ ಅಂಕಿಗೆ ಸರಿಪಡಿಸಬಹುದಾ, ಎಷ್ಟರವರೆಗೆ? ಬೆರೆಸಿದ ಮೇಲೆ ಕೋಣೆಯ ಉಷ್ಣತೆಯಲ್ಲಿ ನಾಲ್ಕು ಗಂಟೆ ಅಂದರೆ, ಆ ನಾಲ್ಕು ಗಂಟೆ ಶುರುವಾಗುವುದು ವಯಲ್‌ಗೆ (ಔಷಧಿಯ ಪುಟ್ಟ ಶೀಶೆಗೆ) ಸೂಜಿ ಚುಚ್ಚಿದಾಗಿನಿಂದಾ, ಚೀಲಕ್ಕೆ ಹಾಕಿದಾಗಿನಿಂದಾ? ಡ್ರಿಪ್ ಮುಗಿಯುವುದೂ ಅದರೊಳಗೇ ಬರಬೇಕಾ? ಫಿಲ್ಟರ್ ಬೇಕಾ, ಪಿವಿಸಿ ಚೀಲ ಆಗುತ್ತದಾ? ಗುಂಡಿ ಒತ್ತಿದರೆ ಉತ್ತರ ಬರುವ ಪ್ರಶ್ನೆಗಳಲ್ಲ ಇವು. ನೀವು ಔಷಧಿ ಕೈಯಲ್ಲಿ ಹಿಡಿದು ಕೆಲಸ ಮಾಡಿದವರು, ಅದಕ್ಕೇ ಈ ಪ್ರಶ್ನೆಗಳು ನಿಮಗೆ ಹೊಳೆಯುತ್ತವೆ.

ಸೈಟ್ ಇನಿಶಿಯೇಷನ್ ಮೀಟಿಂಗ್ ಅಂತ ಮಾಡುತ್ತಾರೆ, ಟ್ರಯಲ್ ಶುರುವಾಗುವ ಮುಂಚೆ. ಅಲ್ಲಿ ಫಾರ್ಮಸಿಸ್ಟ್‌ಗಳು ಸಾಮಾನ್ಯವಾಗಿ ಮೂಲೆಯಲ್ಲಿ ಕೂತು ಸಹಿ ಹಾಕಿ ಬರುತ್ತಾರೆ. ನೀವು ಪ್ರಶ್ನೆಗಳ ಹಾಳೆ ತೆಗೆದುಕೊಂಡು ಹೋಗಿ. ಉತ್ತರ ಬಾಯಿಮಾತಿನಲ್ಲಿ ಬಂದರೆ ಇಮೇಲ್‌ನಲ್ಲಿ ಬರೆದು ಕಳಿಸಿ ಅಂತ ಕೇಳಿ. ಆಮೇಲೆ ನಿಮ್ಮದೇ ಆದ ಒಂದು ಹಾಳೆ ಮಾಡಿ: ಈ ಟ್ರಯಲ್‌ಗೆ ಆರ್ಡರ್ ಹೇಗಿರಬೇಕು, ಡೋಸ್ ಲೆಕ್ಕ ಹೇಗೆ, ಒಂದು ದಿನಕ್ಕೆ ಗರಿಷ್ಠ ಎಷ್ಟು, ಒಟ್ಟು ಎಷ್ಟು ದಿನ. ಆ ಗರಿಷ್ಠ ಅಂಕಿಯನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ತಲೆಯಲ್ಲಿಲ್ಲದ ಅಂಕಿಯನ್ನು ಕಣ್ಣ ಮುಂದೆ ತೂಗುಹಾಕುವ ದಾರಿ ಅದೊಂದೇ. ರಜೆಯಲ್ಲಿ ನೀವಿಲ್ಲದಾಗ ನಿಮ್ಮ ಜಾಗಕ್ಕೆ ಬಂದವರು ನಂಬುವುದೂ ಆ ಹಾಳೆಯನ್ನೇ.

ಫ್ರಿಜ್ ನೋಡಿಕೊಳ್ಳುವುದು ಅಂದರಲ್ಲ, ಅದರ ಬಗ್ಗೆ ನನ್ನದೇ ಒಂದು ಅನುಭವ ಹೇಳಬೇಕು. ನಾನು ಈ ಕೆಲಸಕ್ಕೆ ಬಂದ ಮೊದಲ ವರ್ಷ. ಒಂದು ಆಂಟಿಬಾಡಿ (ಒಂದು ಬಗೆಯ ಪ್ರೋಟೀನ್) ಇಂಜೆಕ್ಷನ್, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾದದ್ದು. ಸೋಮವಾರ ಬೆಳಿಗ್ಗೆ ಡೇಟಾ ಲಾಗರ್ (ಉಷ್ಣತೆ ದಾಖಲಿಸುವ ಸಾಧನ) ತೆಗೆದು ನೋಡಿದರೆ ಭಾನುವಾರ ನಸುಕಿನಲ್ಲಿ ಸುಮಾರು 40 ನಿಮಿಷ ಸೊನ್ನೆಗಿಂತ ಸ್ವಲ್ಪ ಕೆಳಗೆ ಹೋಗಿತ್ತು. ಶನಿವಾರ ಫ್ರಿಜ್ ಸೆಟ್ಟಿಂಗ್ ಬದಲಿಸಿದ್ದು ನಾನೇ, ಬದಲಿಸಿದ ಮೇಲೆ ಒಂದೆರಡು ಗಂಟೆ ಕಾದು ನೋಡದೆ ಮನೆಗೆ ಹೋಗಿದ್ದೆ. ಒಳಗೆ 18 ಪೆಟ್ಟಿಗೆ. ವಯಲ್ ಎತ್ತಿ ಬೆಳಕಿಗೆ ಹಿಡಿದೆ, ನೀರಿನ ಹಾಗೆ ತಿಳಿಯಾಗಿತ್ತು. ಹೊರಗೆ ಡೋಸ್‌ಗೆ ಅಂತ ಬಂದ ಒಬ್ಬರು ಕೂತಿದ್ದರು, ದೂರದಿಂದ ಬಂದವರು. ಕೊಟ್ಟುಬಿಡೋಣ, ಏನೂ ಆಗಿಲ್ಲವಲ್ಲ ಅಂತ ಮನಸ್ಸು ಹೇಳುತ್ತಿತ್ತು.

ಕೊಡಲಿಲ್ಲ. ಪ್ರೋಟೀನ್ ಔಷಧಿ ಹೆಪ್ಪುಗಟ್ಟಿ ಕರಗಿದರೆ ಅಣುಗಳು ಒಂದಕ್ಕೊಂದು ಅಂಟಿಕೊಂಡು ಗಂಟುಗಳಾಗಬಹುದು, ಅವು ಕಣ್ಣಿಗೆ ಕಾಣಿಸಲೇಬೇಕು ಅಂತಿಲ್ಲ, ದೇಹ ಅವುಗಳ ವಿರುದ್ಧ ತಿರುಗಿ ಬೀಳಬಹುದು, ಇದು ಕಾಲೇಜಿನಲ್ಲಿ ಓದಿದ್ದೇ. ನೋಡಿ, ನಿಮ್ಮ ಓದು ಇಲ್ಲಿ ಕೆಲಸಕ್ಕೆ ಬಂತು. 18 ಪೆಟ್ಟಿಗೆಯನ್ನೂ ಸರಿಯಾದ ಉಷ್ಣತೆಯ ಇನ್ನೊಂದು ಫ್ರಿಜ್‌ಗೆ ಸಾಗಿಸಿ, ಬಳಸಬೇಡಿ ಅಂತ ಚೀಟಿ ಅಂಟಿಸಿ, ಗ್ರಾಫ್ ಸಮೇತ ಸ್ಪಾನ್ಸರ್‌ಗೆ, ಅಂದರೆ ಟ್ರಯಲ್ ನಡೆಸುವ ಕಂಪನಿಗೆ, ಬರೆದೆವು. ಮಾರನೇ ದಿನ ಉತ್ತರ ಬಂತು, ಒಂದನ್ನೂ ಬಳಸಬೇಡಿ ಅಂತ. ಕೂತಿದ್ದವರಿಗೆ ನಾನೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪ್ರೋಟೋಕಾಲ್‌ನಲ್ಲಿ ಭೇಟಿಯ ದಿನಕ್ಕೆ ಮೂರು ದಿನ ಹಿಂದೆ ಮುಂದೆ ಅವಕಾಶ ಇತ್ತು, ಹೊಸ ಸ್ಟಾಕ್ ಎರಡು ದಿನದಲ್ಲಿ ಬಂತು, ಅವರ ಡೋಸ್ ತಪ್ಪಲಿಲ್ಲ. ಅವತ್ತಿನಿಂದ ಫ್ರಿಜ್‌ನ ಸೆಟ್ಟಿಂಗ್ ಮುಟ್ಟಿದರೆ ಗ್ರಾಫ್ ನೆಟ್ಟಗಾಗುವವರೆಗೆ ನಾನು ಜಾಗ ಬಿಟ್ಟು ಕದಲುವುದಿಲ್ಲ. ಕನಿಷ್ಠ ಗರಿಷ್ಠ ತೋರಿಸುವ ಥರ್ಮಾಮೀಟರ್ ಇದ್ದರೆ ಪ್ರತಿ ಸಲ ಬರೆದುಕೊಂಡ ಮೇಲೆ ರಿಸೆಟ್ ಮಾಡಿ, ಇಲ್ಲದಿದ್ದರೆ ನಿನ್ನೆಯ ಅಂಕಿಯನ್ನೇ ಇವತ್ತೂ ಬರೆಯುತ್ತೀರಿ. ಔಷಧಿ ಬಂದಿಳಿದ ದಿನವೂ ಅಷ್ಟೇ: ಪೆಟ್ಟಿಗೆಯ ಒಳಗಿನ ಲಾಗರ್ ನೋಡುವ ಮುಂಚೆ, ಕಿಟ್ ನಂಬರುಗಳನ್ನು ಪಟ್ಟಿಯ ಜೊತೆ ತಾಳೆ ನೋಡುವ ಮುಂಚೆ, ಯಾವುದನ್ನೂ ಬಳಸುವ ಸ್ಟಾಕಿಗೆ ಸೇರಿಸಬೇಡಿ.

ಇನ್ನು ರೋಗಿಗೆ ಕೊಡುವ ಕೆಲಸ. ಸಾಮಾನ್ಯ ಫಾರ್ಮಸಿಯಲ್ಲಿ ಪೆಟ್ಟಿಗೆಯ ಬಣ್ಣ, ಮಾತ್ರೆಯ ಆಕಾರ ನಿಮಗೆ ಸಹಾಯ ಮಾಡುತ್ತವೆ. ಇಲ್ಲಿ ಎಲ್ಲ ಪೆಟ್ಟಿಗೆಯೂ ಒಂದೇ ಥರ ಕಾಣಬೇಕು ಅಂತಲೇ ಮಾಡಿರುತ್ತಾರೆ. ಔಷಧಿ ಇರುವ ಡಬ್ಬಿ, ಪ್ಲಸೀಬೊ (ನೋಡಲು ಅದೇ ಥರ, ಒಳಗೆ ಔಷಧಿ ಇಲ್ಲದ್ದು) ಇರುವ ಡಬ್ಬಿ, ಪಕ್ಕಪಕ್ಕ ಇಟ್ಟರೆ ನಂಬರ್ ಬಿಟ್ಟು ಬೇರೆ ಗುರುತೇ ಇಲ್ಲ. ಕಂಪ್ಯೂಟರ್ ಈ ರೋಗಿಗೆ 1042 ಕೊಡಿ ಅನ್ನುತ್ತದೆ, ಕಪಾಟಿನಲ್ಲಿ ಅದರ ಪಕ್ಕದಲ್ಲೇ 1024 ಇರುತ್ತದೆ. ತಪ್ಪಿ 1024 ಕೊಟ್ಟರೆ ಎಚ್ಚರಿಸುವುದಕ್ಕೆ ಏನೂ ಇಲ್ಲ, ರೋಗಿಗೂ ಗೊತ್ತಾಗುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಒಬ್ಬರು ನಂಬರನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಡಬ್ಬಿ ನೋಡಬೇಕು. ಸಾವಿರದ ನಲವತ್ತೆರಡು ಅಂತ ಓದಬೇಡಿ. ಒಂದು, ಸೊನ್ನೆ, ನಾಲ್ಕು, ಎರಡು ಅಂತ ಓದಿ. ಅದಕ್ಕೂ ಮುಂಚೆ ನೋಡಬೇಕಾದ್ದು ಎರಡು: ರೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರಾ, ಮತ್ತೆ ಆರ್ಡರ್ ಬರೆದವರ ಹೆಸರು ಡೆಲಿಗೇಷನ್ ಲಾಗ್‌ನಲ್ಲಿ (ಟ್ರಯಲ್‌ನ ಯಾವ ಕೆಲಸ ಯಾರಿಗೆ ವಹಿಸಿದೆ ಅನ್ನುವ ಪಟ್ಟಿಯಲ್ಲಿ) ಇದೆಯಾ. ಹೆಸರು ಇಲ್ಲದಿದ್ದರೆ ಅವರು ಎಷ್ಟೇ ದೊಡ್ಡ ಡಾಕ್ಟರ್ ಆಗಿದ್ದರೂ ಆ ಆರ್ಡರ್ ಮೇಲೆ ಔಷಧಿ ಹೋಗಬಾರದು. ಇದನ್ನು ಮೆತ್ತಗೆ ಹೇಳಿ, ಆದರೆ ಬಿಟ್ಟುಕೊಡಬೇಡಿ.

ಬ್ಲೈಂಡಿಂಗ್ ಬಗ್ಗೆ, ಅಂದರೆ ಯಾರಿಗೆ ಯಾವುದು ಹೋಗುತ್ತಿದೆ ಅನ್ನುವುದನ್ನು ಮುಚ್ಚಿಡುವುದರ ಬಗ್ಗೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ಪುಸ್ತಕ ಓದಿ ಬರುವಂಥದ್ದಲ್ಲ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ, 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ 107 ರೋಗಿಗಳಿದ್ದರು. ಯಾರಿಗೆ ಔಷಧಿ, ಯಾರಿಗೆ ಬರೀ ಹಾಸಿಗೆ ವಿಶ್ರಾಂತಿ ಅನ್ನುವುದನ್ನು ಬ್ರಾಡ್‌ಫರ್ಡ್ ಹಿಲ್ ಅನ್ನುವ ಸಂಖ್ಯಾಶಾಸ್ತ್ರಜ್ಞರು ಮುಚ್ಚಿದ ಲಕೋಟೆಗಳಲ್ಲಿ ಇಟ್ಟಿದ್ದರು. ಮುಂದಿನ ರೋಗಿಗೆ ಏನು ಬರುತ್ತದೆ ಅಂತ ಡಾಕ್ಟರಿಗೆ ಮೊದಲೇ ಗೊತ್ತಾದರೆ, ಅವರಿಗೇ ತಿಳಿಯದ ಹಾಗೆ ಆಯ್ಕೆ ವಾಲುತ್ತದೆ. ಈಗ ಲಕೋಟೆಯ ಬದಲು ಕಂಪ್ಯೂಟರ್ ಬಂದಿದೆ. ಆದರೆ ಇಂಜೆಕ್ಷನ್ ಕಲಸಬೇಕಾದ ಎಷ್ಟೋ ಟ್ರಯಲ್‌ಗಳಲ್ಲಿ ಆಸ್ಪತ್ರೆಯಲ್ಲಿ ಗುಟ್ಟು ಗೊತ್ತಿರುವುದು ಫಾರ್ಮಸಿಸ್ಟ್‌ಗೆ ಮಾತ್ರ, ಅನ್‌ಬ್ಲೈಂಡೆಡ್ ಫಾರ್ಮಸಿಸ್ಟ್ ಅಂತ ಕರೆಯುತ್ತಾರೆ. ಒಂದು ವಾರದಲ್ಲಿ ನಿಮಗೆ ಗೊತ್ತಾಗುತ್ತದೆ, ಗುಟ್ಟು ಸೋರುವುದು ಬಾಯಿಂದ ಅಲ್ಲ ಅಂತ. ಔಷಧಿ ಕರಗಿಸುವುದಕ್ಕೆ 40 ನಿಮಿಷ ಬೇಕು, ಅಲುಗಾಡಿಸಿದರೆ ನೊರೆ ಬರುತ್ತದೆ, ಸುಮ್ನೆ ಬಿಟ್ಟು ಕಾಯಬೇಕು. ಪ್ಲಸೀಬೊ ಬರೀ ಸಲೈನ್, ಎರಡು ನಿಮಿಷದ ಕೆಲಸ. ಎರಡೇ ನಿಮಿಷದಲ್ಲಿ ಚೀಲ ಕಳಿಸಿದರೆ ವಾರ್ಡಿನ ನರ್ಸ್ ಮೂರನೇ ರೋಗಿಯ ಹೊತ್ತಿಗೆ ಕಂಡುಹಿಡಿದುಬಿಡುತ್ತಾರೆ. ಹಾಗಾಗಿ ಸಲೈನ್ ಚೀಲವೂ 40 ನಿಮಿಷ ಕಾಯಬೇಕು. ಔಷಧಿಗೆ ಬಣ್ಣ ಇದ್ದರೆ ಎರಡಕ್ಕೂ ಒಂದೇ ಥರ ಮರೆ ಹೊದಿಸಬೇಕು, ನಳಿಗೆಗೂ ಸೇರಿಸಿ. ಖಾಲಿ ವಯಲ್‌ಗಳು ಯಾರಿಗೂ ಕಾಣದ ಕಡೆ ಹೋಗಬೇಕು, ಸ್ಟಾಕ್ ಫೈಲ್ ಬೀಗದಲ್ಲಿರಬೇಕು. ಕೋಆರ್ಡಿನೇಟರ್ (ಟ್ರಯಲ್‌ನ ದಿನದಿನದ ಕೆಲಸ ನೋಡಿಕೊಳ್ಳುವವರು) ಜೊತೆ ಮಾತಾಡುವಾಗ ಅವರು ಈ ರೋಗಿಗೆ ವಾಂತಿ ಜಾಸ್ತಿ ಅಂತೆ ಅಂದರೆ ನಿಮ್ಮ ಮುಖ ಏನೂ ಹೇಳಬಾರದು. ಇದು ಸ್ವಲ್ಪ ಒಂಟಿ ಕೆಲಸ. ಮೊದಮೊದಲು ಭಾರ ಅನ್ನಿಸುತ್ತದೆ, ನಿಮ್ಮ ಹಾಗೇ ಗುಟ್ಟು ತಿಳಿದಿರುವ ಬದಲಿ ಫಾರ್ಮಸಿಸ್ಟ್ ಒಬ್ಬರು ಇರಲಿ ಅಂತ ಮೊದಲೇ ಕೇಳಿ.

ಆದರೆ ಗುಟ್ಟು ಕಾಯುವುದಕ್ಕೂ ಮಿತಿ ಇದೆ. ಟ್ರಯಲ್ ಔಷಧಿ ರಕ್ತ ತೆಳುಮಾಡುವಂಥದ್ದು ಅಂದುಕೊಳ್ಳಿ, ರೋಗಿಗೆ ರಕ್ತಸ್ರಾವ ಆಗಿ ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಗೆ ಬಂದಿದ್ದಾರೆ. ಒಳಗೆ ಹೋಗಿರುವುದು ಔಷಧಿಯಾ ಪ್ಲಸೀಬೊನಾ ಅನ್ನುವುದರ ಮೇಲೆ ಚಿಕಿತ್ಸೆ ನಿಂತಿದ್ದರೆ ಆ ಕ್ಷಣವೇ ಕೋಡ್ ತೆರೆಯಬೇಕು, ಅಂದರೆ ಆ ರೋಗಿಗೆ ಯಾವುದು ಹೋಗಿದೆ ಅಂತ ತೆರೆದು ನೋಡಬೇಕು. ಜವಾಬ್ದಾರಿ ಹೊತ್ತ ಡಾಕ್ಟರ್ ಕೇಳಿದಾಗ ಫಾರ್ಮಸಿಸ್ಟ್ ಅಡ್ಡ ನಿಲ್ಲಬಾರದು, ಸ್ಪಾನ್ಸರ್ ಒಪ್ಪಲಿ ಅಂತ ಕಾಯಬಾರದು. ಯಾರು ಕೇಳಿದರು, ಯಾಕೆ, ಎಷ್ಟು ಗಂಟೆಗೆ, ಯಾರಿಗೆ ಹೇಳಿದೆವು, ಇಷ್ಟನ್ನು ಬರೆದಿಡಿ. ತಿಳಿದರೂ ಚಿಕಿತ್ಸೆ ಬದಲಾಗುವುದಿಲ್ಲ ಅಂತಿದ್ದರೆ ಔಷಧಿ ನಿಲ್ಲಿಸಿ ರೋಗಿಯನ್ನು ನೋಡಿಕೊಂಡರೆ ಸಾಕು. ಟ್ರಯಲ್ ಶುರುವಾಗುವ ಮುಂಚೆಯೇ ಒಂದು ಸಲ ರಾತ್ರಿ ಕೋಡ್ ತೆರೆಸಲು ಕೊಟ್ಟಿರುವ ಫೋನ್ ನಂಬರಿಗೆ ಕರೆ ಮಾಡಿ ನೋಡಿ, ಯಾರಾದರೂ ಎತ್ತುತ್ತಾರಾ ಅಂತ.

ಮೊದಲ ಸಲ ಮನುಷ್ಯರಿಗೆ ಕೊಡುವ ಔಷಧಿಯಾದರೆ ಇನ್ನೊಂದು ಎಚ್ಚರಿಕೆ ಬೇಕು. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅನ್ನುವ ಆಂಟಿಬಾಡಿಯನ್ನು ಆರು ಜನ ಆರೋಗ್ಯವಂತರಿಗೆ ಒಬ್ಬರಾದ ಮೇಲೆ ಒಬ್ಬರಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಕೊಟ್ಟರು. ಮೊದಲನೆಯವರಿಗೆ ತೊಂದರೆ ಕಾಣಿಸಿಕೊಳ್ಳುವ ಹೊತ್ತಿಗೆ ಉಳಿದವರಿಗೂ ಕೊಟ್ಟಾಗಿತ್ತು. ಆರೂ ಜನ ತೀವ್ರ ನಿಗಾ ಘಟಕ ಸೇರಿದರು. ಆಮೇಲೆ ಇಂಥ ಕಡೆ ಮೊದಲು ಒಬ್ಬರಿಗೆ ಕೊಟ್ಟು, ಕಾದು ನೋಡಿ, ನಂತರ ಉಳಿದವರಿಗೆ ಕೊಡುವ ಕ್ರಮ ಬಲವಾಗಿ ಬಂತು. ಫಾರ್ಮಸಿಯಲ್ಲಿ ಇದರ ಅರ್ಥ ಇಷ್ಟೇ: ಎರಡನೆಯವರ ಸಿರಿಂಜು, ಸರಿ ಅಂತ ಮಾತು ಬಂದ ಮೇಲೆಯೇ ಹೊರಗೆ ಹೋಗಬೇಕು.

ಫಾರ್ಮಕಾಲಜಿ ಇನ್ನೂ ಜಾಸ್ತಿ ಬೇಕಾಗುವುದು ರೋಗಿಯ ಮುಂದೆ ಕೂತಾಗ. ಟ್ರಯಲ್‌ಗೆ ಸೇರುವಾಗ ಅವರು ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದಾರೆ ಅಂತ ಯಾರೋ ಕೇಳಿ ಬರೆದಿರುತ್ತಾರೆ. ನೀವು ಇನ್ನೊಂದು ಸಲ ಕೇಳಿ. ಔಷಧಿ ಅಂತ ಕೇಳಿದರೆ ಜನ ಡಾಕ್ಟರ್ ಕೊಟ್ಟದ್ದನ್ನು ಮಾತ್ರ ಹೇಳುತ್ತಾರೆ. ನಿದ್ದೆಗೆ, ಮಂಡಿ ನೋವಿಗೆ, ಹೊಟ್ಟೆ ಉರಿಗೆ, ಶಕ್ತಿಗೆ ಅಂತ ಬಿಡಿಸಿ ಬಿಡಿಸಿ ಕೇಳಿದಾಗ ಮಿಕ್ಕದ್ದು ಹೊರಗೆ ಬರುತ್ತದೆ. ಹೊಸ ಔಷಧಿ ಸಿವೈಪಿ3ಎ4 ಕಿಣ್ವದಿಂದ ಒಡೆಯುವಂಥದ್ದಾದರೆ, ಕ್ಲಾರಿಥ್ರೋಮೈಸಿನ್ ಅದರ ಮಟ್ಟವನ್ನು ಏರಿಸಬಹುದು, ರಿಫಾಂಪಿಸಿನ್ ಇಳಿಸಬಹುದು, ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆ ಕೂಡ ಇಳಿಸುತ್ತದೆ. ಆಸಿಡ್ ಕಮ್ಮಿ ಮಾಡುವ ಮಾತ್ರೆಯಿಂದ ಕೆಲವು ಔಷಧಿಗಳು ದೇಹಕ್ಕೆ ಸೇರುವುದೇ ಕಷ್ಟ. ಇದನ್ನು ನೀವು ಹಿಡಿಯದಿದ್ದರೆ ಔಷಧಿ ಕೆಲಸ ಮಾಡಲಿಲ್ಲ ಅಂತ ಫಲಿತಾಂಶ ಬರುತ್ತದೆ, ಆ ಔಷಧಿಗೆ ನ್ಯಾಯವಾದ ಅವಕಾಶವೇ ಸಿಕ್ಕಿರುವುದಿಲ್ಲ. ರೋಗಿಗೆ ಅಪಾಯವಾದರೆ ಅದಂತೂ ಇನ್ನೂ ಕೆಟ್ಟದ್ದು.

ಮಾತ್ರೆ ವಾಪಸ್ ತಂದಾಗ ಹೇಗೆ ಮಾತಾಡುತ್ತೀರಿ ಅನ್ನುವುದೂ ಮುಖ್ಯ. ಎಷ್ಟು ಮರೆತಿರಿ ಅಂತ ಕೇಳಿದರೆ ಯಾರಿಗಾದರೂ ಮುಜುಗರ. ಮುಂದಿನ ಸಲ ಉಳಿದದ್ದನ್ನು ಕಸಕ್ಕೆ ಹಾಕಿ ಖಾಲಿ ಡಬ್ಬಿ ತರುತ್ತಾರೆ. ತಿಂಗಳು ತಿಂಗಳೂ ಲೆಕ್ಕ ಕರಾರುವಾಕ್ಕಾಗಿ ಬರುತ್ತಿದ್ದರೆ ನನಗೆ ಸಮಾಧಾನಕ್ಕಿಂತ ಯೋಚನೆಯೇ ಜಾಸ್ತಿ. ನಾನು ಹೀಗೆ ಕೇಳುತ್ತೇನೆ: ಈ ತಿಂಗಳು ಮಾತ್ರೆ ತೆಗೆದುಕೊಳ್ಳುವುದಕ್ಕೆ ಯಾವ ಹೊತ್ತು ಕಷ್ಟ ಆಯಿತು? ಬೆಳಿಗ್ಗೆ ತೆಗೆದುಕೊಂಡರೆ ತಲೆ ಸುತ್ತುತ್ತಿತ್ತು, ಅದಕ್ಕೆ ಕೆಲಸಕ್ಕೆ ಹೋಗುವ ದಿನ ಬಿಡುತ್ತಿದ್ದೆ ಅಂತ ಒಬ್ಬರು ಹೇಳಿದ್ದರು. ಆ ತಲೆ ಸುತ್ತು ಡಾಕ್ಟರ್ ಬರೆದ ಟಿಪ್ಪಣಿಯಲ್ಲಿ ಇರಲಿಲ್ಲ. ಮಾತ್ರೆ ಎಣಿಸುವ ಮೇಜಿನ ಮೇಲೆ ಒಂದು ಅಡ್ಡಪರಿಣಾಮ ಸಿಕ್ಕಿತು, ಅದು ವರದಿಗೆ ಸೇರಿತು.

ಬರೆಯುವ ಕ್ರಮ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಾಡಿದವರೇ, ಮಾಡಿದ ಹೊತ್ತಿಗೇ, ಓದುವ ಹಾಗೆ ಬರೆಯಬೇಕು. ತಪ್ಪಾದರೆ ಒಂದೇ ಗೆರೆ ಎಳೆದು, ಹಳೆಯದು ಕಾಣುವ ಹಾಗೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಕು. ವೈಟ್ನರ್ ಆ ಕೋಣೆಯಲ್ಲೇ ಬೇಡ. ಶುಕ್ರವಾರ ಮರೆತದ್ದನ್ನು ಸೋಮವಾರ ಬರೆದರೆ ಸೋಮವಾರದ ತಾರೀಕನ್ನೇ ಹಾಕಿ, ತಡವಾಗಿ ಬರೆದದ್ದು ಅಂತ ಸೇರಿಸಿ. ಟ್ರಯಲ್ ಮುಗಿದ ಮೇಲೆ ಉಳಿದ ಔಷಧಿ ಸ್ಪಾನ್ಸರ್‌ಗೆ ಹೋಗಬಹುದು ಅಥವಾ ಆಸ್ಪತ್ರೆಯಲ್ಲೇ ನಾಶವಾಗಬಹುದು. ಎರಡಕ್ಕೂ ಒಪ್ಪಿಗೆ, ದಾಖಲೆ ಬೇಕು. ಬಂದದ್ದು, ಕೊಟ್ಟದ್ದು, ವಾಪಸ್ ಬಂದದ್ದು, ನಾಶವಾದದ್ದು, ಈ ನಾಲ್ಕು ಅಂಕಿ ಸೇರಿ ಲೆಕ್ಕ ಕೂಡಬೇಕು.

ಮೊದಲು ಏನು ಕಲಿಯಬೇಕು ಅಂತ ಕೇಳಿದ್ದೀರಿ. ಔಷಧಿಯ ನಿಯಮಗಳನ್ನು ದೇಶಗಳ ನಡುವೆ ಹೊಂದಿಸುವ ಐಸಿಎಚ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಇ6 ಮಾರ್ಗಸೂಚಿಯಿಂದ ಶುರು ಮಾಡಿ, ಗುಡ್ ಕ್ಲಿನಿಕಲ್ ಪ್ರಾಕ್ಟೀಸ್ ಅಂತ ಎಲ್ಲರೂ ಕರೆಯುವುದು ಅದನ್ನೇ. 1996ರಲ್ಲಿ ಬಂತು, 2016ರಲ್ಲಿ ಪರಿಷ್ಕರಣೆ ಆಯಿತು, ಮೂರನೇ ಆವೃತ್ತಿ 2025ರ ಜನವರಿಯಲ್ಲಿ ಅಂತಿಮವಾಯಿತು. ಪ್ರಯೋಗದ ಔಷಧಿಯ ಹೊಣೆ ಇನ್ವೆಸ್ಟಿಗೇಟರ್ ಮತ್ತು ಸಂಸ್ಥೆಯದು, ಅವರು ಅದನ್ನು ಫಾರ್ಮಸಿಸ್ಟ್‌ಗೆ ವಹಿಸಬಹುದು ಅಂತ ಅದರಲ್ಲೇ ಇದೆ. ನಿಮ್ಮ ಹೆಸರು ಡೆಲಿಗೇಷನ್ ಲಾಗ್‌ಗೆ ಸೇರಿ ಸಹಿ ಆಗುವವರೆಗೆ ಒಂದು ಡಬ್ಬಿಯನ್ನೂ ಮುಟ್ಟಬೇಡಿ. ಅದರ ಜೊತೆ ನಿಮ್ಮ ದೇಶದ ಟ್ರಯಲ್ ನಿಯಮಗಳನ್ನು ಓದಿ. ಮತ್ತೆ ಈಗ ನಡೆಯುತ್ತಿರುವ ಟ್ರಯಲ್‌ಗಳ ಪ್ರೋಟೋಕಾಲ್‌ಗಳಲ್ಲಿ ಅತಿ ಕಷ್ಟದ್ದನ್ನು ಕೇಳಿ ಇಸಿದುಕೊಂಡು, ಈಗಿರುವವರು ಬಿಟ್ಟುಹೋಗುವ ಮುಂಚೆ ಅವರ ಪಕ್ಕ ನಿಂತು ಒಂದು ಡೋಸ್ ತಯಾರಾಗುವುದನ್ನು ಆರ್ಡರ್ ಬಂದಲ್ಲಿಂದ ಡ್ರಿಪ್ ಶುರುವಾಗುವವರೆಗೆ ನೋಡಿ.

ಆ ಒಂದು ಮಾತ್ರೆ ಇನ್ನೂ ಬಗೆಹರಿದಿಲ್ಲ ಅಂದರೆ ಅದೇ ನಿಮ್ಮ ಮೊದಲ ಕೆಲಸ ಆಗಲಿ. ವಾಪಸ್ ಬಂದ ಡಬ್ಬಿಯನ್ನು ಇನ್ನೊಬ್ಬರ ಎದುರಿಗೆ ಮತ್ತೆ ಎಣಿಸಿ. ಅದೇ ಬ್ಯಾಚಿನ ಬೇರೆ ರೋಗಿಗಳ ವಾಪಸಾತಿ ಲೆಕ್ಕ ತೆಗೆದು ನೋಡಿ, ಅಲ್ಲೂ ಒಂದೊಂದು ಕಮ್ಮಿ ಇದೆಯಾ ಅಂತ. ಕೋಆರ್ಡಿನೇಟರ್ ಮೂಲಕ ರೋಗಿಗೆ ಫೋನ್ ಮಾಡಿಸಿ, ತಪ್ಪು ಹುಡುಕುವ ದನಿಯಲ್ಲಿ ಅಲ್ಲ, ಮನೆಯಲ್ಲಿ ಬೇರೆ ಯಾರಾದರೂ ತೆಗೆದುಕೊಂಡಿರಬಹುದಾ ಅನ್ನುವುದನ್ನು ಮೊದಲು ಕೇಳಿ. ಏನು ಮಾಡಿದರೂ ಸಿಗದಿದ್ದರೆ, ಹುಡುಕಿದೆವು, ಇಂಥಿಂಥ ಕಡೆ ನೋಡಿದೆವು, ಸಿಗಲಿಲ್ಲ ಅಂತ ಬರೆದು ಸಹಿ ಹಾಕಿ. ಲೆಕ್ಕ ಕೂಡಲಿ ಅಂತ ಮೂರನ್ನು ನಾಲ್ಕು ಮಾಡಲು ಯಾರೇ ಹೇಳಿದರೂ ಮಾಡಬೇಡಿ.